ಶವಪೆಟ್ಟಿಗೆಯಲ್ಲಿ ದುಡ್ಡು, ಬೀರುವಿನಲ್ಲಿ ಅಮ್ಮ

ಬ್ಯಾಂಕು ದೋಚಿದರೂ ಸರಿ, ಕೊಲೆ ಮಾಡಿದರೂ ಸರಿ, ಪಕ್ಕದ ಮನೆಯವರಿಗೆ ಮಾತ್ರ ಗೊತ್ತಾಗಬಾರದು! ಇಂಗ್ಲೆಂಡಿನ ಮರ್ಯಾದಸ್ಥರ ಈ ಮನೆಗುಟ್ಟನ್ನು ರಂಗದ ಮೇಲೆ ರಟ್ಟು ಮಾಡಿ ನಗಿಸಿದವನು ಜೋ ಆರ್ಟನ್. ಅವನ ‘ಲೂಟ್’ ನಾಟಕ ಲಂಡನ್ನಿನಲ್ಲಿ ತೆರೆ ಸರಿಸಿದ್ದು 1966ರ ಸೆಪ್ಟೆಂಬರ್ 27ರಂದು.

1967ರ ಜನವರಿ, ಮೊದಲ ವಾರ. ಲಂಡನ್ನಿನ ಪಿಕಾಡಿಲಿ ಸರ್ಕಸ್ಸಿನ ಕ್ರೈಟೀರಿಯನ್ ಥಿಯೇಟರ್. ಪ್ರೇಕ್ಷಕರು ಮೆಟ್ಟಿಲಿಳಿದು ನೆಲದಡಿಗೆ ಹೋಗಿ ಕೂರಬೇಕಾದ ರಂಗಮಂದಿರ ಅದು. ಶವಪೆಟ್ಟಿಗೆಯ ಸುತ್ತ ಸುತ್ತುವ ನಾಟಕಕ್ಕೆ ಹೇಳಿ ಮಾಡಿಸಿದ ಜಾಗ.

ಕೆನೆತ್ ಕ್ರ್ಯಾನಮ್ ಎಂಬ ಎಳೆಯ ನಟನಿಗೆ ಮಗನ ಪಾತ್ರ. ಅಮ್ಮ ಸತ್ತಿದ್ದಾಳೆ. ಅವಳ ಹಲ್ಲುಸೆಟ್ಟು ಕೈಗೆ ಸಿಕ್ಕಾಗ ಮಗ ಅದನ್ನು ದಾಸಯ್ಯನ ಚಿಟಿಕೆಯ ಹಾಗೆ ಟಕಟಕನೆ ಬಡಿಯುತ್ತಾನೆ. ಪ್ರೇಕ್ಷಕರು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ.

ಆ ದಿನ ಥಿಯೇಟರಿಗೆ ನಾಟಕಕಾರನೇ ಬಂದ. ಏನನ್ನೋ ತೆಗೆದು ನಟನ ಕೈಗಿಟ್ಟ. ಅಸಲಿಯೇ ಇರಲಿ ಅಂತ ತಂದೆ ಎಂಬರ್ಥದ ಮಾತಾಡಿದ. ಯಾರದ್ದು ಇದು? ನಮ್ಮಮ್ಮನದ್ದು.

ಹುಡುಗಾಟವಲ್ಲ, ನಿಜ. ಎಲ್ಸಿ ಆರ್ಟನ್ ತೀರಿಕೊಂಡದ್ದು 1966ರ ಡಿಸೆಂಬರ್ 26ರಂದು. ಮಗ ಲೆಸ್ಟರ್‌ಗೆ ಹೋಗಿ, ಅಂತ್ಯಕ್ರಿಯೆ ಮುಗಿಸಿ, ಮನೆಯಲ್ಲಿ ಉಳಿದಿದ್ದ ಹಲ್ಲುಸೆಟ್ಟನ್ನು ಜೊತೆಗೆ ತಂದಿದ್ದ. ಕೈಯಲ್ಲಿ ಹಿಡಿದ ನಟನಿಗೆ ಹೊಟ್ಟೆ ತೊಳಸಿದಂತಾಯಿತು. ದಿನಾ ಸಂಜೆ ಇದೇ ಆಟವಾಡಿ ಜನರನ್ನು ನಗಿಸುತ್ತಿದ್ದವನು ಅವನೇ! ನಾಟಕಕಾರ ಮನೆಗೆ ಹೋಗಿ, ಈ ಪ್ರಸಂಗವನ್ನು ದಿನಚರಿಯಲ್ಲಿ ಬರೆದಿಟ್ಟ.

ಅವನ ಹೆಸರು ಜೋ ಆರ್ಟನ್. ವಯಸ್ಸು 34. ಬದುಕಲು ಉಳಿದಿದ್ದದ್ದು ಇನ್ನು ಏಳೇ ತಿಂಗಳು.

ಗುಲಾಬಿಯ ನಡುವೆ ಕೋತಿ

ಅಮ್ಮನ ಹಲ್ಲಿಗೂ ಎಷ್ಟೋ ಮೊದಲು ಆರ್ಟನ್ ಕೈಚಳಕ ತೋರಿಸಿದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ.

1960ರ ಆಸುಪಾಸು. ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಬಡಾವಣೆ. ತೋಟಗಾರಿಕೆಯ ಕಪಾಟಿಗೆ ಕೈಹಾಕಿದವರಿಗೆ ಕಾಲಿನ್ಸ್ ಪ್ರಕಾಶನದ ಗುಲಾಬಿ ಕೈಪಿಡಿ ಸಿಗುತ್ತದೆ. ಮುಖಪುಟದಲ್ಲಿ ಅರಳಿದ ಗುಲಾಬಿ. ಎಸಳುಗಳ ನಟ್ಟನಡುವೆ, ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಒಂದು ಕೋತಿ.

ಪತ್ತೇದಾರಿ ಕಪಾಟಿನಲ್ಲಿ ಡೊರೊತಿ ಸೇಯರ್ಸ್ ಕಾದಂಬರಿ. ಅದರ ಬೆನ್ನುಡಿ ಸಭ್ಯವಾಗಿ ಶುರುವಾಗಿ ಪೋಲಿತನದಲ್ಲಿ ಮುಗಿಯುತ್ತದೆ. ಕವಿ ಜಾನ್ ಬೆಜಮನ್ ಬಗೆಗಿನ ಪುಸ್ತಕದ ಹೊದಿಕೆಯ ಮೇಲೆ ಮೈತುಂಬ ಹಚ್ಚೆ ಹಾಕಿಸಿಕೊಂಡ, ಹೆಚ್ಚೂಕಮ್ಮಿ ಬೆತ್ತಲಾದ ಮುದುಕ. ಶಿಷ್ಟಾಚಾರ ಕಲಿಸುವ ಒಂದು ಪುಸ್ತಕದಲ್ಲಂತೂ ಲೇಖಕಿಯ ಫೋಟೊ ಇರಬೇಕಾದ ಕಡೆ ನಗ್ನ ಹೆಂಗಸಿನ ಚಿತ್ರ.

ಒಂದು ಮೂಲೆಯಲ್ಲಿ ನಿಂತು ಓದುಗರ ಮುಖ ನೋಡುವುದೇ ಆರ್ಟನ್‌ಗೆ ಹಬ್ಬ. ಜೊತೆಗಾರ ಕೆನೆತ್ ಹ್ಯಾಲಿವೆಲ್. ಪುಸ್ತಕಗಳನ್ನು ಚೀಲದಲ್ಲಿ ಕದ್ದೊಯ್ಯುವುದು, ಮನೆಯಲ್ಲಿ ಕತ್ತರಿ, ಅಂಟು, ಬೆರಳಚ್ಚು ಯಂತ್ರ ಹಿಡಿದು ಕೂರುವುದು, ಮತ್ತೆ ತಂದು ಕಪಾಟಿನಲ್ಲಿ ಇಡುವುದು. ಇದು ಮೂರು ವರ್ಷ ನಡೆಯಿತು. ಕದ್ದದ್ದನ್ನು ವಾಪಸ್ ತಂದಿಡುವ ಕಳ್ಳರನ್ನು ಹಿಡಿಯುವುದು ಹೇಗೆಂದು ಗ್ರಂಥಾಲಯಕ್ಕೂ ತಿಳಿಯಲಿಲ್ಲ.

ಕೊನೆಗೆ ನಗರಾಡಳಿತದ ಒಬ್ಬ ಕಾನೂನು ಗುಮಾಸ್ತನಿಗೆ ಉಪಾಯ ಹೊಳೆಯಿತು. ಬೀದಿಯಲ್ಲಿ ಬಿಟ್ಟ ಒಂದು ಕಾರಿನ ತಕರಾರು ಎತ್ತಿ ಇವರ ಮನೆಗೆ ಕೆಣಕುವಂಥ ಪತ್ರ ಬರೆದ. ಕೆಣಕಿದರೆ ಸುಮ್ಮನಿರುವ ಜಾಯಮಾನವೇ ಇವರದ್ದು? ಖಾರವಾದ ಉತ್ತರ ಬೆರಳಚ್ಚಾಗಿ ಬಂತು. ಆ ಅಕ್ಷರಗಳನ್ನು ಪೋಲಿ ಬೆನ್ನುಡಿಗಳ ಅಕ್ಷರಗಳ ಪಕ್ಕ ಇಟ್ಟು ನೋಡಿದರು. ಒಂದೇ ಯಂತ್ರ.

1962ರ ಏಪ್ರಿಲ್ 28ರಂದು ಪೊಲೀಸರು ಬಾಗಿಲು ಬಡಿದರು. ಇಬ್ಬರಿಗೂ ಆರು ತಿಂಗಳ ಜೈಲು. ಪುಸ್ತಕದ ಹೊದಿಕೆಗೆ ಇಷ್ಟು ಶಿಕ್ಷೆಯೇ? ತಾವು ಸಲಿಂಗಿಗಳೆಂಬ ಕಾರಣಕ್ಕೇ ಹೀಗೆ ಬಿಗಿದರು ಎಂದು ಆರ್ಟನ್ ಕೊನೆಯವರೆಗೂ ನಂಬಿದ್ದ. ಆಗಿನ ಇಂಗ್ಲೆಂಡಿನಲ್ಲಿ ಅದೂ ಜೈಲಿನ ಅಪರಾಧವೇ.

---

ಕಳವಿನ ಲೆಕ್ಕ

ಕದ್ದ ಪುಸ್ತಕ: 72
ಕಲಾ ಪುಸ್ತಕಗಳಿಂದ ಕತ್ತರಿಸಿದ ಚಿತ್ರಪುಟ: 1,653
ದಂಡ: 262 ಪೌಂಡ್
ಚಿತ್ರಗಳು ಸಿಕ್ಕಿದ್ದೆಲ್ಲಿ: ನೋಯೆಲ್ ರಸ್ತೆಯ 25ನೇ ನಂಬರಿನ ಮನೆ, ಮೇಲಂತಸ್ತಿನ ಒಂಟಿಕೋಣೆಯ ಗೋಡೆಗಳ ಮೇಲೆ

---

ಟೈಪಿಂಗ್ ಕಲಿತ ಹುಡುಗ

ಆರ್ಟನ್ ಹುಟ್ಟಿದ್ದು 1933ರ ಜನವರಿ 1ರಂದು, ಲೆಸ್ಟರ್ ನಗರದಲ್ಲಿ. ನಗರಾಡಳಿತ ಕಟ್ಟಿಸಿಕೊಟ್ಟ ಬಾಡಿಗೆ ಮನೆಗಳ ಬಡಾವಣೆ. ಅಪ್ಪ ನಗರಾಡಳಿತದ ತೋಟದ ಮಾಲಿ. ಅಮ್ಮ ಕಾರ್ಖಾನೆಯ ಕೆಲಸದವಳು, ಕ್ಷಯ ಬಂದು ಒಂದು ಶ್ವಾಸಕೋಶ ಕಳೆದುಕೊಂಡವಳು. ಮಧ್ಯಮ ವರ್ಗವೆಂಬುದು ಈ ಮನೆಗೆ ಎದುರು ದಡ. ಅಲ್ಲಿನವರ ಕಿಟಕಿಯ ಪರದೆ, ಮಾತಿನ ವರಸೆ, ಚಹಾದ ಕಪ್ಪು ಹಿಡಿಯುವ ಬೆರಳು, ಎಲ್ಲವೂ ಈ ದಡದಿಂದ ಸ್ಪಷ್ಟವಾಗಿ ಕಾಣುತ್ತವೆ. ಆ ದಡದಲ್ಲೇ ಹುಟ್ಟಿದವರಿಗೆ ಅಷ್ಟು ಕಾಣುವುದಿಲ್ಲ.

ಹನ್ನೊಂದನೇ ವಯಸ್ಸಿನ ಶಾಲಾ ಪರೀಕ್ಷೆಯಲ್ಲಿ ನಪಾಸು. ಅಲ್ಲಿಂದ ಗುಮಾಸ್ತಗಿರಿ ಕಲಿಸುವ ಖಾಸಗಿ ಕಾಲೇಜಿಗೆ, ಆಮೇಲೆ ವಾರಕ್ಕೆ ಮೂರು ಪೌಂಡಿನ ಕಿರಿಯ ಗುಮಾಸ್ತಗಿರಿಗೆ. ಕಚೇರಿ ಪತ್ರದ ಭಾಷೆ ಅವನ ನಾಲಗೆಗೆ ಹತ್ತಿದ್ದು ಆಗಲೇ ಇರಬೇಕು: ‘ತಮ್ಮ ಅವಗಾಹನೆಗೆ’, ‘ವಿಷಾದದೊಂದಿಗೆ ತಿಳಿಸುತ್ತೇವೆ’ ಎಂಬ ನಮೂನೆಯದು. ಮುಂದೆ ಅವನ ಕೊಲೆಗಾರರು, ಲಂಚಕೋರರು ಎಲ್ಲ ಮಾತಾಡುವುದು ಇದೇ ಇಸ್ತ್ರಿ ಹಾಕಿದ ಭಾಷೆಯಲ್ಲಿ. ಅವನ ಹಾಸ್ಯದ ಗುಟ್ಟೆಲ್ಲ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕತೆಯ ಹೆಣ ಯಾರು ಬೇಕಾದರೂ ಉರುಳಿಸಬಹುದು. ಹೆಣದ ಮುಂದೆ ನಿಂತು ಅರ್ಜಿ ನಮೂನೆಯ ಭಾಷೆ ಆಡಿಸುವುದು ಎಲ್ಲರಿಂದ ಆಗದು.

ಲೆಸ್ಟರ್ ಸೀಮೆಯ ಉಚ್ಚಾರ ಬಿಡಿಸಿಕೊಳ್ಳಲು ಪಾಠ ಹೇಳಿಸಿಕೊಂಡ. 1951ರಲ್ಲಿ ಲಂಡನ್ನಿನ ‘ರಾಡಾ’ ನಾಟಕ ಶಾಲೆಗೆ ವಿದ್ಯಾರ್ಥಿವೇತನ ಸಿಕ್ಕಿತು. ಹ್ಯಾಲಿವೆಲ್ ಸಿಕ್ಕಿದ್ದು ಅಲ್ಲೇ. ಏಳು ವರ್ಷ ಹಿರಿಯ, ಹೆಚ್ಚು ಓದಿದವ, ಪಿತ್ರಾರ್ಜಿತದ ಒಂದಿಷ್ಟು ಕಾಸಿದ್ದವ. ಅವನ ಅಮ್ಮ ಕಣಜ ಕಡಿದು ಸತ್ತಿದ್ದಳು, ಅಪ್ಪ ಅಡುಗೆ ಅನಿಲಕ್ಕೆ ಮುಖವೊಡ್ಡಿ ಜೀವ ಕಳೆದುಕೊಂಡಿದ್ದ.

ಇಬ್ಬರೂ ಸೇರಿ ಕಾದಂಬರಿ ಮೇಲೆ ಕಾದಂಬರಿ ಬರೆದರು. ಒಂದೂ ಅಚ್ಚಾಗಲಿಲ್ಲ. ದುಡ್ಡು ತೀರಿದಾಗ ಕ್ಯಾಡ್ಬರಿ ಚಾಕೊಲೇಟ್ ಕಂಪನಿಯಲ್ಲಿ ಕೆಲವು ತಿಂಗಳು ಕೂಲಿ. ವಿದ್ಯುತ್ ಉಳಿಸಲು ಸೂರ್ಯನೊಂದಿಗೆ ಏಳುವುದು, ಸೂರ್ಯನೊಂದಿಗೆ ಮಲಗುವುದು.

ಜೈಲು ಆರ್ಟನ್‌ಗೆ ಒಳ್ಳೆಯದನ್ನೇ ಮಾಡಿತು. ಇಬ್ಬರನ್ನೂ ಬೇರೆ ಬೇರೆ ಇಟ್ಟಿದ್ದರು. ಹೊರಬಂದ ಆರ್ಟನ್ ಒಬ್ಬನೇ ಬರೆಯತೊಡಗಿದ. ವರ್ಷದೊಳಗೆ ಬಿಬಿಸಿ ಅವನ ಮೊದಲ ರೇಡಿಯೊ ನಾಟಕವನ್ನು ಒಪ್ಪಿಕೊಂಡಿತು.

ಆರು ತಿಂಗಳು ನಿನಗೆ, ಆರು ತಿಂಗಳು ನನಗೆ

1964ರ ಮೇ 6ರಂದು ನ್ಯೂ ಆರ್ಟ್ಸ್ ಥಿಯೇಟರಿನಲ್ಲಿ ‘ಎಂಟರ್‌ಟೇನಿಂಗ್ ಮಿಸ್ಟರ್ ಸ್ಲೋನ್’ ಬಂತು.

ಕತೆ ಸರಳ. ನಲವತ್ತು ದಾಟಿದ ಕ್ಯಾತ್ ಎಂಬಾಕೆಯ ಮನೆಗೆ ಸ್ಲೋನ್ ಎಂಬ ಚೆಲುವ ಬಾಡಿಗೆಗೆ ಬರುತ್ತಾನೆ. ಆಕೆಗೆ ಅವನ ಮೇಲೆ ಕಣ್ಣು. ಆಕೆಯ ತಮ್ಮ ಎಡ್, ದೊಡ್ಡ ವ್ಯವಹಾರಸ್ಥ, ನೀತಿ ನಡತೆಯ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸ ಬಿಗಿಯುವವ. ಅವನಿಗೂ ಇವನ ಮೇಲೇ ಕಣ್ಣು. ಮುದುಕ ಅಪ್ಪನಿಗೆ ಮಾತ್ರ ಹುಡುಗನ ಗುರುತು ಸಿಗುತ್ತದೆ: ತನ್ನ ಹಳೆಯ ಯಜಮಾನನನ್ನು ಕೊಂದವನು ಇವನೇ!

ಸ್ಲೋನ್ ಮುದುಕನನ್ನೂ ಮುಗಿಸುತ್ತಾನೆ. ಮಕ್ಕಳು ಪೊಲೀಸರಿಗೆ ಫೋನ್ ಮಾಡಬೇಕಲ್ಲವೇ? ಮಾಡುವುದಿಲ್ಲ. ಕೂತು ಒಪ್ಪಂದ ಮಾಡಿಕೊಳ್ಳುತ್ತಾರೆ. ಅಪ್ಪ ಬಿದ್ದು ಸತ್ತ ಎನ್ನೋಣ. ಹುಡುಗ ವರ್ಷದಲ್ಲಿ ಆರು ತಿಂಗಳು ಅಕ್ಕನ ಮನೆಯಲ್ಲಿ, ಆರು ತಿಂಗಳು ತಮ್ಮನ ಬಳಿ. ಜಮೀನು ಪಾಲು ಮಾಡಿಕೊಂಡ ಹಾಗೆ. ಅಪ್ಪ ಸತ್ತದ್ದಕ್ಕೆ ಯಾರೂ ಅಳುವುದಿಲ್ಲ, ಆದರೆ ಇಡೀ ಚರ್ಚೆಯಲ್ಲಿ ಒಂದೇ ಒಂದು ಕೆಟ್ಟ ಪದ ಬಾರದಂತೆ ಎಚ್ಚರ ವಹಿಸುತ್ತಾರೆ.

ಪತ್ರಿಕೆಗಳಿಗೆ ಪತ್ರಗಳು ಬಂದವು. ‘ಡೈಲಿ ಟೆಲಿಗ್ರಾಫ್’ನಲ್ಲಿ ಎಡ್ನಾ ವೆಲ್ತಾರ್ಪ್ ಎಂಬ ಗೃಹಿಣಿ, ಇಂಥ ವಿಕೃತಿಯನ್ನು ನೋಡಿ ತನಗೆ ವಾಕರಿಕೆ ಬಂತೆಂದು ಬೆಂಕಿ ಕಾರಿದಳು. ಡೊನಾಲ್ಡ್ ಹಾರ್ಟ್ಲಿ ಎಂಬ ಮಹಾಶಯ ನಾಟಕದ ಪರ ವಹಿಸಿದ.

ಎಡ್ನಾ ಎಂಬ ಗೃಹಿಣಿ ಇರಲೇ ಇಲ್ಲ. ಹಾರ್ಟ್ಲಿಯೂ ಇರಲಿಲ್ಲ. ಇಬ್ಬರೂ ಆರ್ಟನ್ನೇ!

---

ಎಡ್ನಾ ಎಂಬ ಅತ್ತೆಮ್ಮ

1950ರ ದಶಕದ ಜನಪ್ರಿಯ ನಾಟಕಕಾರ ಟೆರೆನ್ಸ್ ರಾಟಿಗನ್ 1953ರಲ್ಲಿ ತಮ್ಮ ನಾಟಕ ಸಂಪುಟದ ಮುನ್ನುಡಿಯಲ್ಲಿ ‘ಎಡ್ನಾ ಅತ್ತೆ’ ಎಂಬ ಪ್ರೇಕ್ಷಕಿಯನ್ನು ಕಲ್ಪಿಸಿದ್ದರು. ಮಧ್ಯಮ ವರ್ಗದ, ಹಣವಿರುವ, ಮಡಿವಂತ ಹೆಂಗಸು. ನಾಟಕಕಾರ ಆಕೆಯನ್ನು ಮರೆಯುವ ಹಾಗಿಲ್ಲ. ಆರ್ಟನ್ ಆ ಹೆಸರನ್ನೇ ಎತ್ತಿಕೊಂಡು ಆಕೆಯ ಕೈಗೆ ಪೆನ್ನು ಕೊಟ್ಟ. ಆಹಾರ ಕಂಪನಿಗಳಿಗೆ ದೂರು, ಪತ್ರಿಕೆಗಳಿಗೆ ಕಿಡಿ. ಸಲಿಂಗಿಗಳ ಬಗ್ಗೆ ಸಹನೆ ಬೋಧಿಸುವ ನಾಟಕ ಆಡಲು ಚರ್ಚಿನ ಸಭಾಂಗಣ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದ್ದೂ ಉಂಟು. ತಮಾಷೆ ಎಂದರೆ, ‘ಸ್ಲೋನ್’ ನೋಡಿ ಮೆಚ್ಚಿ, ಅದು ದೊಡ್ಡ ಥಿಯೇಟರಿಗೆ ಹೋಗಲೆಂದು 3,000 ಪೌಂಡ್ ಹಾಕಿದವರು ಇದೇ ರಾಟಿಗನ್.

---

ನಮ್ಮ ಪದ, ಅವರ ನಾಟಕ

ಮುಂದಿನ ನಾಟಕಕ್ಕೆ ಆರ್ಟನ್ ಇಟ್ಟಿದ್ದ ಹೆಸರು ‘ಫ್ಯೂನರಲ್ ಗೇಮ್ಸ್’. ಬೇಡ, ‘ಲೂಟ್’ ಎಂದಿಡು ಎಂದವನು ಹ್ಯಾಲಿವೆಲ್. ಲೂಟಿ ನಮ್ಮ ಕಡೆಯಿಂದಲೇ ಇಂಗ್ಲಿಷಿಗೆ ಹೋದ ಪದ. ಕಂಪನಿ ಸರ್ಕಾರದ ಕಾಲದಲ್ಲಿ ಸಾಮಾನಿನ ಜೊತೆಗೆ ಅದರ ಹೆಸರೂ ಹಡಗು ಹತ್ತಿತು.

ಮೊದಲ ಸಲ ನಾಟಕ ನೆಲಕಚ್ಚಿತು. 1965ರ ಫೆಬ್ರುವರಿಯಲ್ಲಿ ಕೇಂಬ್ರಿಜ್‌ನಲ್ಲಿ ಶುರುವಾದ ತಿರುಗಾಟ ಊರೂರಿಗೆ ಹೋಗಿ ಉಗಿಸಿಕೊಂಡು ವಿಂಬಲ್ಡನ್ನಿನಲ್ಲಿ ನಿಂತಿತು. ಈ ಅವಧಿಯಲ್ಲಿ 90 ಪುಟದ ಹಸ್ತಪ್ರತಿಗೆ ಆರ್ಟನ್ ಬರೆದುಕೊಟ್ಟ ಹೊಸ ಪುಟಗಳು 133. ನಟರಿಗೆ ಇಂದಿನ ಮಾತು ಬಾಯಿಪಾಠ ಆಗುವ ಹೊತ್ತಿಗೆ ನಾಳೆಯದು ಬಂದು ಬೀಳುತ್ತಿತ್ತು. ನಟರೂ ಇದು ತಮಾಷೆಯ ನಾಟಕವೆಂದು ತಮಾಷೆ ಮಾಡತೊಡಗಿದ್ದರು. ಅಲ್ಲೇ ಎಡವಟ್ಟಾದದ್ದು. ಪೂರ್ತಿ ಗಂಭೀರವಾಗಿ ಆಡದಿದ್ದರೆ ಈ ನಾಟಕ ಸೋಲುತ್ತದೆ ಎಂಬುದು ಆರ್ಟನ್ನನ ಹಟ.

1966ರ ಸೆಪ್ಟೆಂಬರ್ 27. ಜೆನೆಟಾ ಕಾಕ್ರನ್ ಥಿಯೇಟರ್. ಚಾರ್ಲ್ಸ್ ಮಾರೊವಿಟ್ಸ್ ನಿರ್ದೇಶನ. ಈ ಸಲ ಗೆದ್ದಿತು.

ತೆರೆ ಸರಿದರೆ ಸಾವಿನ ಮನೆ. ನಡುವೆ ಶವಪೆಟ್ಟಿಗೆ. ಒಳಗೆ ಶ್ರೀಮತಿ ಮೆಕ್ಲೀವಿ. ಪಕ್ಕದಲ್ಲಿ ಗಂಡ, ಒಳ್ಳೆಯ ಕ್ಯಾಥೊಲಿಕ್, ಗುಲಾಬಿ ಪ್ರೇಮಿ, ಸರ್ಕಾರ ಮತ್ತು ಪೊಲೀಸರು ಯಾವತ್ತೂ ತಪ್ಪು ಮಾಡುವುದಿಲ್ಲವೆಂದು ನಂಬಿದವ. ಶುಶ್ರೂಷೆಗೆಂದು ಬಂದ ನರ್ಸ್ ಫೇ ಅವನನ್ನು ಮಾತಿಗೆಳೆಯುತ್ತಾಳೆ. ಹೆಂಡತಿ ಸತ್ತು ಮೂರು ದಿನವಾಯಿತಲ್ಲ, ಎರಡನೇ ಮದುವೆಯ ಬಗ್ಗೆ ಏನು ಯೋಚಿಸಿದ್ದೀರಿ? ಆಕೆಗೆ ಹತ್ತು ವರ್ಷದೊಳಗೆ ಏಳು ಗಂಡಂದಿರಾಗಿದ್ದಾರೆ, ಏಳೂ ಜನ ಸತ್ತಿದ್ದಾರೆ. ಯಜಮಾನಿಯನ್ನು ಕಳಿಸಿದವಳೂ ಅವಳೇ.

ಮಗ ಹ್ಯಾಲ್ ಮತ್ತು ಶವಸಂಸ್ಕಾರದ ಅಂಗಡಿಯಲ್ಲಿ ಕೆಲಸ ಮಾಡುವ ಗೆಳೆಯ ಡೆನಿಸ್ ಸೇರಿ, ಆ ಅಂಗಡಿಗೆ ಅಂಟಿದಂತಿರುವ ಬ್ಯಾಂಕಿಗೆ ಕನ್ನ ಹಾಕಿದ್ದಾರೆ. ನೋಟಿನ ಕಂತೆ ಬೀರುವಿನಲ್ಲಿದೆ. ಪೊಲೀಸರು ಬರುತ್ತಾರೆ, ಬೀರು ತೆರೆಸುತ್ತಾರೆ. ಯಾರೂ ತೆರೆಸಿ ನೋಡದ ಪೆಟ್ಟಿಗೆ ಮನೆಯಲ್ಲಿ ಒಂದೇ. ಸರಿ, ದುಡ್ಡು ಶವಪೆಟ್ಟಿಗೆಗೆ ಹೋಗುತ್ತದೆ. ಅಮ್ಮ ಬೀರುವಿಗೆ ಬರುತ್ತಾಳೆ, ತಲೆಕೆಳಗಾಗಿ.

ಈ ಹ್ಯಾಲ್‌ಗೆ ಒಂದೇ ಒಂದು ದೌರ್ಬಲ್ಯ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಲ್ಯದಲ್ಲಿ ಸಿಕ್ಕ ಧರ್ಮಬೋಧೆ ಹಾಗಿದೆ! ದರೋಡೆ ಮಾಡಬಲ್ಲ, ಹೆತ್ತವಳ ಹೆಣ ಬೀರುವಿಗೆ ತುರುಕಬಲ್ಲ. ದುಡ್ಡೆಲ್ಲಿ ಎಂದು ಕೇಳಿದರೆ ನಿಜ ಹೇಳಿಬಿಡುತ್ತಾನೆ. ಅದನ್ನು ಯಾರೂ ನಂಬುವುದಿಲ್ಲ ಎಂಬುದೇ ಅವನ ಪುಣ್ಯ.

ಇನ್ನು ಟ್ರಸ್ಕಾಟ್. ಪೊಲೀಸ್ ಅಧಿಕಾರಿ. ವಾರಂಟ್ ಇಲ್ಲದೆ ಮನೆಯೊಳಗೆ ಕಾಲಿಡುವಂತಿಲ್ಲ, ಅದಕ್ಕೇ ಜಲಮಂಡಳಿಯವನು ಎಂದು ಹೇಳಿಕೊಂಡು ಬರುತ್ತಾನೆ. ನೀರಿನವರಿಗೆ ವಾರಂಟ್ ಬೇಕಿಲ್ಲವಲ್ಲ! ಜನರನ್ನು ಹೊಡೆಯುತ್ತಾನೆ, ಹೊಡೆಯುತ್ತಲೇ ಪೊಲೀಸರ ಮೇಲೆ ವಿಶ್ವಾಸವಿಡಿ ಎನ್ನುತ್ತಾನೆ. ನೆಲದ ಮೇಲೆ ಉರುಳಿಬಂದ ಹೆಣದ ಗಾಜಿನ ಕಣ್ಣನ್ನು ಕೈಯಲ್ಲಿ ಹಿಡಿದು ಇದೇನಿರಬಹುದೆಂದು ತನಿಖೆ ಮಾಡುತ್ತಾನೆ.

ಅತಿಯಾಯಿತು ಎನ್ನುತ್ತೀರಾ? ಟ್ರಸ್ಕಾಟನ ಮಾದರಿ ಲಂಡನ್ ಪೊಲೀಸರಲ್ಲೇ ಇದ್ದ. 1963ರ ಜುಲೈನಲ್ಲಿ ಗ್ರೀಸ್ ರಾಣಿಯ ಭೇಟಿ ವಿರೋಧಿಸಿ ನಿಂತಿದ್ದ ವ್ಯಂಗ್ಯಚಿತ್ರಕಾರನೊಬ್ಬನನ್ನು ಡಿಟೆಕ್ಟಿವ್ ಸಾರ್ಜೆಂಟ್ ಹೆರಾಲ್ಡ್ ಚಾಲನರ್ ಹಿಡಿದು, ಅವನ ಜೇಬಿನಲ್ಲಿ ಇಟ್ಟಿಗೆ ಚೂರು ಸಿಕ್ಕಿತೆಂದು ಕೇಸು ಜಡಿದ. ಆ ಮನುಷ್ಯ ಕೋಟನ್ನು ಹಾಗೇ ವಕೀಲರಿಗೆ ಕೊಟ್ಟು ಪ್ರಯೋಗಾಲಯಕ್ಕೆ ಕಳಿಸಿದ. ಜೇಬಿನಲ್ಲಿ ಇಟ್ಟಿಗೆಯ ಒಂದು ಕಣ ಧೂಳೂ ಇರಲಿಲ್ಲ. ಮರುವರ್ಷ ಚಾಲನರ್‌ನನ್ನು ಕಟಕಟೆಗೆ ತಂದಾಗ, ಮಾನಸಿಕ ಅಸ್ವಸ್ಥ, ವಿಚಾರಣೆಗೆ ಯೋಗ್ಯನಲ್ಲ ಎಂದು ತೀರ್ಮಾನವಾಯಿತು. ಪೊಲೀಸರು ಸುಳ್ಳು ಸಾಕ್ಷಿ ಇಡುವುದುಂಟೆಂದು ಇಂಗ್ಲೆಂಡಿನ ಸಭ್ಯರು ಒಪ್ಪಿಕೊಂಡ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು. ಅವರು ಒಪ್ಪಿಕೊಳ್ಳುವ ಹೊತ್ತಿಗೆ ಆರ್ಟನ್ ಅದನ್ನು ನಾಟಕಕ್ಕೆ ಎಳೆದು ತಂದಾಗಿತ್ತು.

ಕೊನೆಗೆ ಏನಾಗುತ್ತದೆ? ಟ್ರಸ್ಕಾಟ್‌ಗೆ ಪಾಲು ಸಿಗುತ್ತದೆ. ನರ್ಸಿಗೂ ಸಿಗುತ್ತದೆ. ಇಡೀ ಮನೆಯಲ್ಲಿ ಏನೂ ತಪ್ಪು ಮಾಡದವನು ಮೆಕ್ಲೀವಿ ಒಬ್ಬನೇ. ಆದ್ದರಿಂದ ಅವನಿಗೆ ಕೋಳ. ಜೈಲಿನಲ್ಲಿ ಅವನಿಗೊಂದು ಆಕಸ್ಮಿಕ ಸಾವು ಒದಗಿಸುವ ವ್ಯವಸ್ಥೆಯೂ ಮಾತಿನಲ್ಲೇ ಆಗುತ್ತದೆ. ಪೊಲೀಸರನ್ನು ನಂಬಿದವನಿಗೆ ಪೊಲೀಸರು ಕೊಟ್ಟ ಪ್ರತಿಫಲ.

ಉಳಿದವರು ಹೆಣದ ಮುಂದೆ ಭವಿಷ್ಯದ ಮಾತಿಗೆ ಕೂರುತ್ತಾರೆ. ಫೇ ಈಗ ಡೆನಿಸ್‌ನನ್ನು ಮದುವೆಯಾಗುತ್ತಾಳೆ. ಎಲ್ಲರೂ ಇದೇ ಮನೆಯಲ್ಲಿರೋಣ ಎಂಬ ಮಾತು ಬಂದಾಗ ಆಕೆ ಒಪ್ಪುವುದಿಲ್ಲ. ಜನ ಏನಂದುಕೊಂಡಾರು? ನಾಲ್ಕು ಜನರ ಕಣ್ಣಿಗೆ ನಾವು ಸರಿಯಾಗಿ ಕಾಣಬೇಡವೇ? ಎಂಟು ಹೆಣ ಉರುಳಿಸಿದವಳ ಈ ಆತಂಕದ ಮೇಲೆ ತೆರೆ ಬೀಳುತ್ತದೆ.

‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆ ಇದನ್ನು 1966ರ ಅತ್ಯುತ್ತಮ ನಾಟಕವೆಂದು ಆರಿಸಿತು. ಚಲನಚಿತ್ರದ ಹಕ್ಕು 25,000 ಪೌಂಡಿಗೆ ಹೋಯಿತು. ಜೈಲಿನ ಬಾಗಿಲು ದಾಟಿ ನಾಲ್ಕೂವರೆ ವರ್ಷ ಆಗಿರಲಿಲ್ಲ.

---

ಹೆಣಕ್ಕೂ ಪರವಾನಗಿ

ಇಂಗ್ಲೆಂಡಿನಲ್ಲಿ ಯಾವ ಹೊಸ ನಾಟಕವೇ ಆಗಲಿ, ಮೊದಲು ಅರಮನೆಯ ಅಧಿಕಾರಿ ‘ಲಾರ್ಡ್ ಚೇಂಬರ್ಲೇನ್’ ಓದಿ ಒಪ್ಪಬೇಕಿತ್ತು. 1737ರಲ್ಲಿ ಕಾನೂನಾಗಿ ಬಂದ ಈ ಕತ್ತರಿ 1968ರ ಸೆಪ್ಟೆಂಬರ್‌ವರೆಗೂ ಇತ್ತು. ‘ಲೂಟ್’ಗೆ ಆ ಕಚೇರಿ ಹಾಕಿದ ಷರತ್ತು: ಹೆಣವಾಗಿ ನಟಿ ಮಲಗಕೂಡದು, ಬೊಂಬೆಯೇ ಆಗಬೇಕು.

ನಮ್ಮಲ್ಲಿಗೆ ಬ್ರಿಟಿಷರು ತಂದದ್ದು 1876ರ ನಾಟಕ ಪ್ರದರ್ಶನ ಕಾಯ್ದೆ. ತಮ್ಮ ಕತ್ತರಿಯನ್ನು ಅವರು 1968ರಲ್ಲೇ ಬಿಸಾಡಿದರು. ನಮಗೆ ಬಿಟ್ಟುಹೋದದ್ದನ್ನು ಕೇಂದ್ರ ಸರ್ಕಾರ ಕೈಬಿಟ್ಟದ್ದು 2018ರಲ್ಲಿ! ‘ಸ್ಲೋನ್’ ಲಂಡನ್ನಿನಲ್ಲಿ ಗಲಾಟೆ ಎಬ್ಬಿಸಿದ 1964ರಲ್ಲೇ ನಮ್ಮ ರಾಜ್ಯವೂ ಅಂಥದ್ದೇ ಸ್ವಂತ ಕಾಯ್ದೆಯೊಂದನ್ನು ಮಾಡಿಕೊಂಡಿತ್ತು.

---

ಒಂದೇ ಗೋತ್ರದವರು

ಆರ್ಟನ್ ಆಕಾಶದಿಂದ ಉದುರಿದವನಲ್ಲ. ಕೊಲೆ ಮತ್ತು ಶಿಷ್ಟಾಚಾರವನ್ನು ಒಂದೇ ತಟ್ಟೆಯಲ್ಲಿ ಬಡಿಸುವುದು ಇಂಗ್ಲಿಷರ ಹಳೆಯ ಅಡುಗೆ. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಚಿತ್ರದಲ್ಲಿ ನಾಯಕ ತನ್ನ ಮತ್ತು ಪದವಿಯ ನಡುವೆ ನಿಂತ ಬಂಧುಗಳನ್ನು ಒಬ್ಬೊಬ್ಬರಾಗಿ, ಬಹಳ ನಯವಾಗಿ ಮುಗಿಸುತ್ತಾನೆ. ಆ ವಂಶದ ಎಂಟು ಪಾತ್ರಗಳನ್ನು ಮಾಡಿದವರು ಅಲೆಕ್ ಗಿನೆಸ್ ಒಬ್ಬರೇ. 1955ರ ‘ದ ಲೇಡಿಕಿಲ್ಲರ್ಸ್’ನಲ್ಲಿ ದರೋಡೆಕೋರರ ತಂಡ ಬಾಡಿಗೆ ಮನೆಯ ಅಜ್ಜಿಯನ್ನು ಮುಗಿಸಲು ಹೋಗಿ ತಾನೇ ಮುಗಿಯುತ್ತದೆ, ಅಜ್ಜಿಯ ಚಹಾ ಮಾತ್ರ ನಿಲ್ಲುವುದಿಲ್ಲ.

ಆ ಚಿತ್ರಗಳು ನೋಡಿದವರಿಗೆ ಕೊನೆಗೊಂದು ಸಮಾಧಾನ ಕೊಟ್ಟು ಕಳಿಸುತ್ತವೆ. ಆರ್ಟನ್ ಕೊಡುವುದಿಲ್ಲ.

ಲಂಡನ್ನಿಗೆ ಭೂವಿಜ್ಞಾನ ಓದಲು ಹೋಗಿ, ಅಲ್ಲಿನ ರಂಗಭೂಮಿಯ ಹುಚ್ಚು ಹತ್ತಿಸಿಕೊಂಡು ಬಂದ ನಮ್ಮ ಟಿ.ಪಿ. ಕೈಲಾಸಂ ನೆನಪಾಗುತ್ತಾರೆ. ಮೈಸೂರು ಸೀಮೆಯ ಮರ್ಯಾದಸ್ಥರ ನಡುಮನೆಯನ್ನು ರಂಗಕ್ಕೆ ತಂದು, ಅವರ ಇಂಗ್ಲಿಷ್ ಬೆರೆಸಿದ ಮಾತಿನಲ್ಲೇ ಅವರನ್ನು ಹಿಡಿದುಹಾಕಿದವರು ಅವರು. ಆದರೆ ಕೈಲಾಸಂಗೆ ಪಾತ್ರಗಳನ್ನು ಕಂಡರೆ ಕರುಳು ಚುರ್ ಎನ್ನುತ್ತಿತ್ತು. ಆರ್ಟನ್‌ಗೆ ಆ ಕಾಯಿಲೆ ಇರಲಿಲ್ಲ.

ಅಲ್ಲ, ಒಮ್ಮೆ ಇತ್ತು. ‘ದ ಗುಡ್ ಅಂಡ್ ಫೇಯ್ತ್‌ಫುಲ್ ಸರ್ವೆಂಟ್’ ಎಂಬ ಟಿ.ವಿ. ನಾಟಕದಲ್ಲಿ. ಐವತ್ತು ವರ್ಷ ಒಂದೇ ಕಂಪನಿಯ ಬಾಗಿಲು ಕಾದ ಮುದುಕನಿಗೆ ನಿವೃತ್ತಿಯ ಕಾಣಿಕೆಯಾಗಿ ಗಡಿಯಾರ ಮತ್ತು ಬ್ರೆಡ್ ಸುಡುವ ಟೋಸ್ಟರ್ ಸಿಗುತ್ತದೆ. ಮನೆಗೆ ತಂದು ನೋಡಿದರೆ ಎರಡೂ ಕೆಲಸ ಮಾಡುವುದಿಲ್ಲ. ನಗರಾಡಳಿತದ ಮಾಲಿಯ ಮಗ ಬರೆದ ನಾಟಕ ಇದು. ನಗು ಬರುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲವನ್ನೂ ಮೆಚ್ಚಲು ನನ್ನಿಂದಾಗದು. ಅವನ ಹೆಂಗಸರು ಒಂದೋ ಹಸಿದವರು, ಇಲ್ಲವೇ ಕೊಲ್ಲುವವರು. ಕೊನೆಯ ನಾಟಕದಲ್ಲಿ ಕೆಲಸ ಕೇಳಿ ಬಂದ ಹುಡುಗಿಗೆ ಬಟ್ಟೆ ಕಳಚಲು ಹೇಳುವ ಮನೋವೈದ್ಯ ಸಿಕ್ಕಿಬೀಳುತ್ತಾನೆ ನಿಜ, ಆದರೆ ನಾಟಕವಿಡೀ ಏಟು ತಿನ್ನುವವಳು ಆ ಹುಡುಗಿ. ಸೋಗಲಾಡಿಗಳಿಗೆ ಬೀಸಿದ ಚಾಟಿ ಎಷ್ಟೋ ಸಲ ಪಕ್ಕದಲ್ಲಿ ನಿಂತವರಿಗೂ ತಾಗಿದೆ.

ಮೇಲಂತಸ್ತಿನ ಕೋಣೆ

1967ರ ಹೊತ್ತಿಗೆ ಆರ್ಟನ್ ಬೇಕಾದವನಾಗಿದ್ದ. ಬೀಟಲ್ಸ್ ತಂಡಕ್ಕೆ ಚಿತ್ರಕತೆ ಬರೆದುಕೊಟ್ಟ. ಅವರು ಅದನ್ನು ಹಾಗೇ ಹಿಂದಿರುಗಿಸಿದರು. ಹ್ಯಾಲಿವೆಲ್ ಮಾತ್ರ ಅದೇ ಒಂಟಿಕೋಣೆಯಲ್ಲಿ, ಅದೇ ಚಿತ್ರ ಅಂಟಿಸಿದ ಗೋಡೆಗಳ ನಡುವೆ ಉಳಿದುಬಿಟ್ಟ. ಓದು ಹತ್ತಿಸಿದವನು, ಬರಹ ತಿದ್ದಿದವನು, ‘ಲೂಟ್’ ಎಂದು ಹೆಸರಿಟ್ಟವನು. ಸಮಾರಂಭಗಳಿಗೆ ಕರೆ ಬರುತ್ತಿದ್ದದ್ದು ಆರ್ಟನ್ ಒಬ್ಬನಿಗೇ.

ಜುಲೈ 27ರಂದು ಹೊಸ ಕಾನೂನು ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ದಾಟಿದ ಇಬ್ಬರು ಗಂಡಸರ ಖಾಸಗಿ ಸಂಬಂಧ ಇನ್ನು ಅಪರಾಧವಲ್ಲ. ಎರಡು ವಾರ ಕಳೆಯಲಿಲ್ಲ. ಆಗಸ್ಟ್ 9ರ ಬೆಳಿಗ್ಗೆ ಸಿನಿಮಾ ಮಾತುಕತೆಗೆ ಆರ್ಟನ್‌ನನ್ನು ಕರೆದೊಯ್ಯಲು ಬಂದ ಕಾರಿನ ಚಾಲಕ ಬಾಗಿಲು ತಟ್ಟಿದ. ಯಾರೂ ತೆರೆಯಲಿಲ್ಲ. ಕಾಗದ ಹಾಕುವ ಕಿಂಡಿಯಿಂದ ಇಣುಕಿದ.

ಹ್ಯಾಲಿವೆಲ್ ಸುತ್ತಿಗೆಯಿಂದ ಆರ್ಟನ್‌ನ ತಲೆಗೆ ಒಂಬತ್ತು ಸಲ ಹೊಡೆದಿದ್ದ. ಆಮೇಲೆ ನಿದ್ರೆಗುಳಿಗೆ ನುಂಗಿದ್ದ. ದಿನಚರಿ ಓದಿದರೆ ಎಲ್ಲ ತಿಳಿಯುತ್ತದೆ, ಅದರಲ್ಲೂ ಕೊನೆಯ ಭಾಗ ಓದಿ ಎಂದು ಚೀಟಿ ಬರೆದಿಟ್ಟಿದ್ದ.

ಗೋಲ್ಡರ್ಸ್ ಗ್ರೀನ್ ಚಿತಾಗಾರದಲ್ಲಿ ಆರ್ಟನ್‌ನ ಅಂತ್ಯಕ್ರಿಯೆ. ಸ್ತೋತ್ರದ ಬದಲು ಬೀಟಲ್ಸ್ ಹಾಡಿನ ಧ್ವನಿಸುರುಳಿ. ನಾಟಕಕಾರ ಹೆರಾಲ್ಡ್ ಪಿಂಟರ್ ನುಡಿನಮನ. ಆಮೇಲೆ ಎರಡೂ ಕುಟುಂಬದವರ ಒಪ್ಪಿಗೆ ಪಡೆದು, ಕೊಂದವನ ಮತ್ತು ಕೊಲೆಯಾದವನ ಬೂದಿಯನ್ನು ಬೆರೆಸಿದರು. ಆರ್ಟನ್ ಬರೆದಿದ್ದರೆ ವಿಮರ್ಶಕರು ಅತಿಯಾಯಿತು ಎನ್ನುತ್ತಿದ್ದರು.

ಕೊನೆಯ ನಾಟಕ ‘ವಾಟ್ ದ ಬಟ್ಲರ್ ಸಾ’ ರಂಗಕ್ಕೆ ಬಂದದ್ದು 1969ರ ಮಾರ್ಚ್ 5ರಂದು. ಅನಿಲ ಸ್ಫೋಟದಲ್ಲಿ ಚೂರಾದ ವಿನ್‌ಸ್ಟನ್ ಚರ್ಚಿಲ್ ಪ್ರತಿಮೆಯ ಒಂದು ಅವಯವ ಕಾಣೆಯಾಗಿರುತ್ತದೆ. ಕೊನೆಯ ದೃಶ್ಯದಲ್ಲಿ ಅದನ್ನು ಪೆಟ್ಟಿಗೆಯಿಂದ ಎತ್ತಿ ತೋರಿಸಬೇಕು. ಯಾವ ಅವಯವವೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಅರಮನೆಯ ಕತ್ತರಿ ಹೋಗಿ ಆರು ತಿಂಗಳಾಗುತ್ತಾ ಬಂದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೂ ಆ ರಾತ್ರಿ ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಚುಟ್ಟಾ. ಅಷ್ಟಾದರೂ ಗ್ಯಾಲರಿಯಿಂದ ಕೂಗಾಟ, ಸಿಳ್ಳೆ. ಬರೆದದ್ದನ್ನು ಬರೆದಂತೆ ತೋರಿಸಲು 1975ರಲ್ಲಿ ರಾಯಲ್ ಕೋರ್ಟ್ ಥಿಯೇಟರ್ ಬರಬೇಕಾಯಿತು.

ಆ ಗುಲಾಬಿ ಕೈಪಿಡಿ? ಅಂದು ಜೈಲಿಗೆ ಕಳಿಸಿದ ಇಸ್ಲಿಂಗ್ಟನ್ ನಗರಾಡಳಿತವೇ ಈಗ ಅದರ ವಾರಸುದಾರ. ಕೋತಿ ಮೋರೆ, ಹಚ್ಚೆಯ ಮುದುಕ, ಪೋಲಿ ಬೆನ್ನುಡಿ ಎಲ್ಲವನ್ನೂ ತನ್ನ ಸ್ಥಳೀಯ ಇತಿಹಾಸ ಕೇಂದ್ರದಲ್ಲಿ ಜೋಪಾನವಾಗಿ ಇಟ್ಟುಕೊಂಡಿದೆ, ಪ್ರದರ್ಶನಕ್ಕೂ ಇಡುತ್ತದೆ. ನೋಡಬಹುದು. ಮನೆಗೆ ಒಯ್ಯುವ ಹಾಗಿಲ್ಲ.